ಏಳು ಜನ ಬಸಪ್ಪ, ಒಂದು ಫೈಲು

ಹೋದ ಬೇಸಿಗೆಯಲ್ಲಿ ಕೊಪ್ಪಳದ ಕಾಕಾನ ಮನೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದೆ. ಮೂರು ವರ್ಷ ಊರೂರು ಸುತ್ತಿ, ಫೋನ್ ಮಾಡಿ, ಬೈಸಿಕೊಂಡು ಕೂಡಿಸಿದ ನಮ್ಮ ಮನೆತನದ ವಂಶಾವಳಿ ಒಂದು ಆ್ಯಪ್‌ನಲ್ಲಿತ್ತು. ಒಟ್ಟು 214 ಜನ. ಆ ಆ್ಯಪ್‌ನ ವರ್ಷದ ಚಂದಾ ಜಾಸ್ತಿ ಆಯಿತು ಅಂತ ಬೇರೆ ಕಡೆ ಹೋಗಲು ತೀರ್ಮಾನಿಸಿದ್ದೆ. ಡೌನ್‌ಲೋಡ್ ಒತ್ತಿದೆ, ಫೈಲು ಬಂತು. ಹೊಸ ಆ್ಯಪ್‌ನಲ್ಲಿ ಅಪ್‌ಲೋಡ್ ಒತ್ತಿದೆ, 214 ಜನ ಸೇರಿದ್ದಾರೆ ಅಂತ ಹಸಿರು ಅಕ್ಷರದಲ್ಲಿ ಬಂತು. ಹಿಂದೆ ನಿಂತು ನೋಡುತ್ತಿದ್ದ ಕಾಕಾ ಕನ್ನಡಕ ಮೇಲೇರಿಸಿಕೊಂಡು ಕೇಳಿದರು: ‘ತಮ್ಮಾ, ನಮ್ಮಪ್ಪನ ಹೆಸರಿನ ಜಾಗದಾಗ ಪ್ರಶ್ನೆ ಚಿಹ್ನೆ ಯಾಕ ಬಂದಾವು?’

ತಲೆ ಎಣಿಕೆ ಸರಿ ಇತ್ತು. ಆದರೆ ಕನ್ನಡದಲ್ಲಿ ಬರೆದ ಹೆಸರೆಲ್ಲ ಪ್ರಶ್ನೆ ಚಿಹ್ನೆಗಳ ಸಾಲಾಗಿದ್ದವು. ಫೋಟೋ ಒಂದೂ ಬಂದಿರಲಿಲ್ಲ. ಅಜ್ಜಿ ಮಾತಾಡಿದ ಆಡಿಯೋ ಇಲ್ಲ. ಯಾರ ಬಗ್ಗೆ ಏನು ಟಿಪ್ಪಣಿ ಬರೆದಿದ್ದೆನೋ ಅದರಲ್ಲಿ ಅರ್ಧ ಮಾಯ. ಮನೆ ಬದಲಿಸುವಾಗ ಲಾರಿಯವನು ಗೋಡೆ ಮಾತ್ರ ತಂದು, ಸಾಮಾನು ಬಿಟ್ಟು ಬಂದ ಹಾಗೆ.

ಇದು ನನ್ನೊಬ್ಬನ ಗೋಳಲ್ಲ. ಈಗ ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಒಬ್ಬ ಉತ್ಸಾಹಿ ಇದ್ದೇ ಇರುತ್ತಾನೆ. ‘ನಮ್ಮ ವಂಶವೃಕ್ಷ ಆನ್‌ಲೈನ್ ಮಾಡೋಣ, ಎಲ್ಲರೂ ಹುಟ್ಟಿದ ತಾರೀಖು ಕಳಿಸಿ’ ಅಂತಾನೆ. ಹಾಕುವುದು ಸುಲಭ. ಹೊರಗೆ ತೆಗೆಯುವಾಗ ಏನು ಉಳಿಯುತ್ತದೆ ಅನ್ನುವುದನ್ನು ಯಾರೂ ಮೊದಲೇ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ವಂಶಾವಳಿ ಸಾಗಿಸುವ ಗಾಡಿಗೆ ಗೆಡ್‌ಕಾಮ್ ಅಂತ ಹೆಸರು. ಅಮೆರಿಕದ ಮಾರ್ಮನ್ ಚರ್ಚ್ 1984ರಲ್ಲಿ ಇದನ್ನು ಹುಟ್ಟುಹಾಕಿತು. ಪೂರ್ವಿಕರ ಹೆಸರು ಹುಡುಕಿ ಅವರ ಪರವಾಗಿ ಧಾರ್ಮಿಕ ವಿಧಿ ನಡೆಸುವುದು ಆ ಚರ್ಚಿನ ನಂಬಿಕೆಯ ಭಾಗ, ಹಾಗಾಗಿ ವಂಶಾವಳಿ ಅವರಿಗೆ ಬರೀ ಹವ್ಯಾಸ ಅಲ್ಲ. ಇವತ್ತಿಗೂ ಹೆಚ್ಚುಕಮ್ಮಿ ಎಲ್ಲ ವಂಶಾವಳಿ ಸಾಫ್ಟ್‌ವೇರೂ ಈ ಫೈಲನ್ನು ಓದುತ್ತದೆ, ಬರೆಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಅಕ್ಷರ. ಪ್ರತಿ ಸಾಲಿನ ಮೊದಲಿಗೆ 0, 1, 2 ಅಂತ ಒಂದು ಅಂಕಿ, ಆಮೇಲೆ ಮೂರು–ನಾಲ್ಕು ಇಂಗ್ಲಿಷ್ ಅಕ್ಷರದ ಗುರುತು. ಒಬ್ಬ ಮನುಷ್ಯನಿಗೆ ಒಂದು ಕಂತೆ ಸಾಲು. ಗಂಡ, ಹೆಂಡತಿ, ಮಕ್ಕಳು ಸೇರಿದ ಒಂದು ಸಂಸಾರಕ್ಕೆ ಇನ್ನೊಂದು ಕಂತೆ. ಅಷ್ಟೇ ಕಟ್ಟು. ಇಷ್ಟು ಸರಳ ಇರುವುದಕ್ಕೇ ನಲವತ್ತು ವರ್ಷ ಬಾಳಿದೆ.

ಪ್ರಶ್ನೆ ಚಿಹ್ನೆಗಳ ಮೂಲವೂ ಇಲ್ಲೇ ಇದೆ. 1996ರ 5.5 ಆವೃತ್ತಿಗೆ ಮುಖ್ಯವಾಗಿ ಇದ್ದದ್ದು ಗ್ರಂಥಾಲಯದ ಕಾರ್ಡುಗಳಿಗಾಗಿ ಮಾಡಿದ ಆನ್ಸೆಲ್ ಎಂಬ ಅಕ್ಷರಪಟ್ಟಿ. ಅದು ಯುರೋಪಿನ ಭಾಷೆಗಳಿಗೆ ಹೊಲಿದ ಅಂಗಿ. 1999ರ 5.5.1 ಕರಡಿನಲ್ಲಿ ಲೋಕದ ಲಿಪಿಗಳನ್ನೆಲ್ಲ ಹಿಡಿಯುವ ಯೂನಿಕೋಡ್‌ನ ಒಂದು ರೂಪವಾದ ಯುಟಿಎಫ್–8 ಬಂತು, ಅಂದರೆ ಕನ್ನಡ ಬರೆಯಲು ದಾರಿ ಆಯಿತು. ತಮಾಷೆ ಅಂದರೆ ಆ ಕರಡನ್ನು ಅಧಿಕೃತ ಅಂತ ಘೋಷಿಸಿದ್ದು 2019ರಲ್ಲಿ. ಇಪ್ಪತ್ತು ವರ್ಷ ಲೋಕವೆಲ್ಲ ಕರಡಿನ ಮೇಲೆಯೇ ಸಂಸಾರ ಮಾಡಿತು. 2021ರ 7.0 ಆವೃತ್ತಿಯಲ್ಲಿ ಯುಟಿಎಫ್–8 ಕಡ್ಡಾಯ ಆಯಿತು, ಫೋಟೋಗಳನ್ನೂ ಒಟ್ಟಿಗೆ ಕಟ್ಟಿ ಕಳಿಸುವ ಜಿಪ್ ಬಂತು, ಒಂದೇ ಹೆಸರನ್ನು ಎರಡು ಭಾಷೆಯಲ್ಲಿ ಇಡುವ ಸೌಲಭ್ಯವೂ ಬಂತು. ಆದರೆ ಹೊಸ ಆವೃತ್ತಿ ಬಂತು ಅಂತ ಆ್ಯಪ್‌ಗಳೆಲ್ಲ ಅದಕ್ಕೆ ಹಾರಿಲ್ಲ. ಬಹಳ ಕಡೆ ಇನ್ನೂ ಹಳೇ ಗಾಡಿಯೇ ಓಡುತ್ತಿದೆ.

ಇನ್ನೊಂದು ಸಣ್ಣ ಲೆಕ್ಕ. ‘ಮಲ್ಲಿಕಾರ್ಜುನ’ ಅಂತ ಇಂಗ್ಲಿಷಿನಲ್ಲಿ ಬರೆದರೆ 12 ಅಕ್ಷರ, 12 ಬೈಟ್ (ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಅಳತೆ). ಕನ್ನಡದಲ್ಲಿ ಬರೆದರೆ ಕಂಪ್ಯೂಟರ್ ಕಣ್ಣಿಗೆ ಅದೂ 12 ಚಿಹ್ನೆ, ಆದರೆ ಒಂದೊಂದಕ್ಕೆ 3 ಬೈಟ್. ಒಟ್ಟು 36. ಹಳೇ ಗೆಡ್‌ಕಾಮ್‌ನಲ್ಲಿ ಒಂದು ಸಾಲು 255 ಚಿಹ್ನೆ ದಾಟಬಾರದು ಅಂತ ಮಿತಿ ಇದೆ. ಉದ್ದ ಟಿಪ್ಪಣಿಯನ್ನು ತುಂಡು ಮಾಡಿ ಮುಂದಿನ ಸಾಲಿಗೆ ಹಾಕಬೇಕು. ಚಿಹ್ನೆಯ ಬದಲು ಬೈಟ್ ಎಣಿಸುವ ಸಾಫ್ಟ್‌ವೇರ್ ಸಿಕ್ಕರೆ ಕತ್ತರಿ ಅಕ್ಷರದ ನಡುವೆಯೇ ಬೀಳಬಹುದು. ಒತ್ತಕ್ಷರದ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಇದಕ್ಕೂ ಮುಂಚಿನ ಒಂದು ತೊಡಕು ನಮ್ಮದೇ. ಎಷ್ಟೋ ಮನೆಗಳಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಯಾರೋ ಮೇಷ್ಟ್ರು ವಂಶಾವಳಿ ಟೈಪ್ ಮಾಡಿಸಿ ಇಟ್ಟಿದ್ದಾರೆ. ಆದರೆ ಅದು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ದೇವರಿಗೂ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಫೈಲು ಕೆಟ್ಟಿದೆ ಅಂತ ಅಳಿಸಿ ಹಾಕಿದವರನ್ನು ನೋಡಿದ್ದೇನೆ. ಕೆಟ್ಟಿಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಹತ್ತು ನಿಮಿಷದ ಕೆಲಸ.

ಅಕ್ಷರದ ಸಮಸ್ಯೆಯನ್ನು ಹೀಗೆ ಹೇಗೋ ಬಗೆಹರಿಸಬಹುದು. ನನಗೆ ನಿಜವಾಗಿ ತಲೆ ತಿಂದದ್ದು ಹೆಸರು, ತಾರೀಖು, ಊರು. ನಮ್ಮ ಕಡೆ ಈ ಮೂರೂ ನೆಟ್ಟಗಿಲ್ಲ.

ಹೆಸರಿನ ವಿಷಯ ನೋಡಿ. ಗೆಡ್‌ಕಾಮ್‌ನಲ್ಲಿ ಅಡ್ಡಹೆಸರನ್ನು ಎರಡು ಓರೆಗೆರೆಗಳ ನಡುವೆ ಬರೆಯಬೇಕು. ಕೊಪ್ಪಳದ ಕಡೆ ಅಡ್ಡಹೆಸರು ಕೊನೆಗೆ ಬರುತ್ತದೆ, ಸರಿಹೋಗುತ್ತದೆ. ಬಳ್ಳಾರಿ ಕಡೆ ಎಷ್ಟೋ ಜನರಿಗೆ ಮುಂದೆ ಒಂದೆರಡು ಇನಿಶಿಯಲ್ ಅಷ್ಟೇ. ಅದರಲ್ಲಿ ಒಂದು ಮನೆ ಹೆಸರು, ಇನ್ನೊಂದು ಅಪ್ಪನ ಹೆಸರು. ಇಂಗ್ಲಿಷ್ ಸಾಫ್ಟ್‌ವೇರ್ ಕೊನೆಯ ಪದವನ್ನೇ ಅಡ್ಡಹೆಸರು ಅಂದುಕೊಂಡು, ಮಗನ ಸ್ವಂತ ಹೆಸರನ್ನು ಮೊಮ್ಮಕ್ಕಳಿಗೆಲ್ಲ ಅಂಟಿಸಿಬಿಡುತ್ತದೆ. ಇನ್ನು ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ. ನಮ್ಮ ವಂಶಾವಳಿಯಲ್ಲಿ ಏಳು ಜನ ಬಸಪ್ಪ ಇದ್ದಾರೆ. ಮನೆಯಲ್ಲಿ ಗೊಂದಲ ಇಲ್ಲ: ದೊಡ್ಡ ಬಸಪ್ಪ, ಕರಿ ಬಸಪ್ಪ, ಹೊಲದ ಮನಿ ಬಸಪ್ಪ ಅಂತ ಗುರುತು ಇದೆ. ಆ್ಯಪ್‌ಗೆ ಆ ಗುರುತು ಗೊತ್ತಿಲ್ಲ.

ಇದಕ್ಕೆ ಜೂನ್ 1 ಸೇರಿದರೆ ಮುಗಿಯಿತು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಹುಡುಗನ ಮುಖ ನೋಡಿ ಬರೆದ ತಾರೀಖು ಅದು. ನಮ್ಮಲ್ಲಿ ಅರ್ಧ ಜನರ ಹುಟ್ಟುಹಬ್ಬ ಜೂನ್ 1, ಅಲ್ವಾ? ಒಂದೇ ಹೆಸರು, ಒಂದೇ ಊರು, ಒಂದೇ ತಾರೀಖು ಇರುವ ಇಬ್ಬರನ್ನು ಕಂಡರೆ ಆ್ಯಪ್ ‘ಇವರಿಬ್ಬರೂ ಒಬ್ಬರೇ ಇರಬಹುದು, ಸೇರಿಸಲೇ?’ ಅಂತ ಕೇಳುತ್ತದೆ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ನಾನು ಹೌದು ಅಂದೆ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಚಿಕ್ಕಪ್ಪನಿಗೆ ದಾಯಾದಿ ಬಸಪ್ಪನ ಐದು ಮಕ್ಕಳು ಸೇರಿಕೊಂಡಿದ್ದರು, ಇಬ್ಬರು ಹೆಂಡಿರ ಸಮೇತ. ಹಿಂದಕ್ಕೆ ಹೋಗುವ ಗುಂಡಿ ಆ ಆ್ಯಪ್‌ನಲ್ಲಿ ಇರಲಿಲ್ಲ. ಒಂದೊಂದಾಗಿ ಬಿಡಿಸಲು ಒಂದು ಭಾನುವಾರ ಹೋಯಿತು.

ತಾರೀಖು ಇರುವವರ ಕಥೆ ಇದು. ಇಲ್ಲದವರದ್ದು ಇನ್ನೂ ಚಂದ. ಅಜ್ಜಿಯನ್ನು ಯಾವಾಗ ಹುಟ್ಟಿದಿ ಅಂತ ಕೇಳಿದ್ದಕ್ಕೆ ಆಕೆ ಹೇಳಿದ್ದು: ‘ರಜಾಕಾರರ ಗದ್ದಲದಾಗ ನಾ ಇನ್ನೂ ಮೈನೆರೆದಿದ್ದಿಲ್ಲಪ್ಪ.’ ಇದಕ್ಕಿಂತ ಒಳ್ಳೆ ದಾಖಲೆ ಬೇಕೇ? ನಿಜಾಮನ ಪರ ಇದ್ದ ರಜಾಕಾರರ ಪಡೆಯ ಆ ಗದ್ದಲ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್. ಹಿಂದಕ್ಕೆ ಎಣಿಸಿದರೆ 1936ರ ಸುಮಾರು. ಗೆಡ್‌ಕಾಮ್‌ನಲ್ಲಿ ‘ಸುಮಾರು’ ಅನ್ನಲು ಗುರುತು ಇದೆ, ‘ಇಂತಿಂಥ ವರ್ಷಗಳ ನಡುವೆ’ ಅನ್ನಲೂ ಇದೆ. ಆದರೆ ಗದ್ದಲ, ಮೈನೆರೆಯುವುದು ಎರಡೂ ಹೋಗಿ ಬರೀ ಒಂದು ಇಸವಿ ಉಳಿಯುತ್ತದೆ.

ಗೆಡ್‌ಕಾಮ್‌ಗೆ ತಾನಾಗಿ ಗೊತ್ತಿರುವ ಪಂಚಾಂಗ ನಾಲ್ಕು: ಈಗಿನ ಇಂಗ್ಲಿಷ್ ಕ್ಯಾಲೆಂಡರ್, ಹಳೇ ಜೂಲಿಯನ್, ಯಹೂದಿಗಳದ್ದು, ಮತ್ತು ಫ್ರೆಂಚ್ ಕ್ರಾಂತಿ ಕಾಲದ್ದು. ಫ್ರಾನ್ಸಿನಲ್ಲಿ ಹನ್ನೆರಡು–ಹದಿಮೂರು ವರ್ಷ ನಡೆದು ನಿಂತುಹೋದ ಕ್ಯಾಲೆಂಡರಿಗೆ ಜಾಗ ಇದೆ. ನಮ್ಮ ಸಂವತ್ಸರಕ್ಕೆ ಇಲ್ಲ, ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷಕ್ಕೂ ಇಲ್ಲ. ರಾಯಚೂರು, ಕೊಪ್ಪಳದ ಹಳೇ ಜಮೀನು ಕಾಗದ ತೆಗೆದರೆ ಸಿಗುವುದು ಫಸಲಿ ವರ್ಷ, ಅದೂ ಎಷ್ಟೋ ಸಲ ಉರ್ದುವಿನಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1345 ಅಂದರೆ 1935–36. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲಿ ಅದು ಜುಲೈ 1ಕ್ಕೆ ಶುರುವಾದರೆ, ನಿಜಾಮರ ಕಡೆ ಅಕ್ಟೋಬರ್ ಹೊತ್ತಿಗೆ. ಹೊಳೆ ದಾಟಿದರೆ ವರ್ಷವೇ ಬೇರೆ! ಸಂವತ್ಸರದ ತೊಂದರೆ ಬೇರೆ ಥರದ್ದು. ಪಂಚಾಂಗದ ಹಿಂದಿನ ಹಾಳೆಯಲ್ಲಿ ಯಾರೋ ‘ಧಾತು ಸಂವತ್ಸರ, ಗಂಡು’ ಅಂತ ಬರೆದಿದ್ದರೆ ಅದು 1876 ಆಗಿರಬಹುದು, 1936 ಆಗಿರಬಹುದು, 1996ರ ಕೂಸೂ ಆಗಿರಬಹುದು. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳಿ ಬರುತ್ತದೆ. ಕಾಗದದ ಬಣ್ಣ ನೋಡಿಯೇ ಹೇಳಬೇಕು.

ಊರಿನ ವಿಷಯಕ್ಕೆ ಬಂದರೆ, ಮನುಷ್ಯ ಜಾಗ ಬಿಟ್ಟು ಕದಲದಿದ್ದರೂ ವಿಳಾಸ ಮೂರು ಸಲ ಬದಲಾಗಿದೆ. ಕೊಪ್ಪಳದ ಒಬ್ಬ ಅಜ್ಜ ಹುಟ್ಟಿದ್ದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ. 1973ರಲ್ಲಿ ಕರ್ನಾಟಕದವನಾದ. 1997ರ ತನಕ ರಾಯಚೂರು ಜಿಲ್ಲೆಯವನಾಗಿದ್ದು ಆಮೇಲೆ ಕೊಪ್ಪಳ ಜಿಲ್ಲೆಯವನಾದ. ಬಳ್ಳಾರಿಯದ್ದು ಇನ್ನೊಂದು ಕಥೆ. 1953ರ ಅಕ್ಟೋಬರ್ 1ರಂದು ಮದ್ರಾಸ್‌ನಿಂದ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಒಂದೇ ಮನೆತನದ ಅರ್ಧ ಜನ ಈಗ ತೆಲುಗಿನಲ್ಲಿ ಹೆಸರು ಬರೆಯುತ್ತಾರೆ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ. ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನು ನಕ್ಷೆಯಲ್ಲಿ ಗುರುತಿಸಲು ಹೋದರೆ ಆ್ಯಪ್‌ನ ಗುಂಡುಪಿನ್ನು ನೀರಿನ ಮೇಲೆ ತೇಲುತ್ತದೆ. ನನ್ನ ಲೆಕ್ಕಕ್ಕೆ ಸರಿಯಾದ ಪದ್ಧತಿ ಅಂದರೆ ಹುಟ್ಟಿದ ಕಾಲಕ್ಕೆ ಊರು ಯಾವ ಆಡಳಿತದಲ್ಲಿತ್ತೋ ಹಾಗೇ ಬರೆಯುವುದು. ಎಷ್ಟೋ ಆ್ಯಪ್‌ಗಳು ಅದನ್ನು ತಪ್ಪು ಅಂತ ತಿದ್ದಲು ಬರುತ್ತವೆ. ಬಿಡಬೇಡಿ.

ಸಂಬಂಧಗಳ ಬಗ್ಗೆ ನನಗೆ ಮೊದಲು ಬಹಳ ಸಿಟ್ಟಿತ್ತು. ಕಾಕಾನೂ ಅಂಕಲ್, ಸೋದರಮಾವನೂ ಅಂಕಲ್. ಆಮೇಲೆ ಯೋಚಿಸಿದರೆ ತಪ್ಪು ಫೈಲಿನದ್ದಲ್ಲ. ಯಾರ ಅಪ್ಪ ಯಾರು, ಯಾರ ಅವ್ವ ಯಾರು ಅನ್ನುವುದು ಫೈಲಿನಲ್ಲಿ ಇದ್ದರೆ ಕಾಕಾ ಯಾರು, ಮಾವ ಯಾರು, ಷಡ್ಡಕ ಯಾರು, ನೆಗೆಣ್ಣಿ ಯಾರು ಎಲ್ಲ ಲೆಕ್ಕ ಹಾಕಿ ತೆಗೆಯಬಹುದು. ಮಾಹಿತಿ ಒಳಗಿದೆ, ಹೇಳುವ ಬಾಯಿಗೆ ಶಬ್ದ ಇಲ್ಲ ಅಷ್ಟೇ. ನಮ್ಮ ಅಜ್ಜ ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ಇದನ್ನೂ ಫೈಲು ಸಲೀಸಾಗಿ ಹಿಡಿಯುತ್ತದೆ. ಚಿತ್ರ ಬಿಡಿಸುವಾಗ ಮಾತ್ರ ಸಾಫ್ಟ್‌ವೇರ್ ತಬ್ಬಿಬ್ಬಾಗಿ ಮುತ್ತಜ್ಜನನ್ನು ಎರಡು ಕಡೆ ಕೂರಿಸುತ್ತದೆ. ಮರದ ಚಿತ್ರಕ್ಕೆ ಕೊಂಬೆ ಬೇರೆಯಾಗುವುದು ಗೊತ್ತು, ಮತ್ತೆ ಬಂದು ಕೂಡುವುದು ಗೊತ್ತಿಲ್ಲ. ನಮ್ಮ ಮನೆತನಗಳು ಮರಕ್ಕಿಂತ ಮಲ್ಲಿಗೆ ಹಂಬಿನ ಹಾಗೆ. ನಿಜವಾಗಿ ಜಾಗ ಇಲ್ಲದ್ದು ಮನೆಯಳಿಯತನಕ್ಕೆ. ಬಳ್ಳಾರಿ ಕಡೆಯ ಕೆಲವು ಸಮುದಾಯಗಳಲ್ಲಿ ಇಲ್ಲಟಂ ಅಂತ ಕರೆಯುವ ಈ ಪದ್ಧತಿಯಲ್ಲಿ ಅಳಿಯನಿಗೆ ಆಸ್ತಿಯ ಹಕ್ಕೂ ಇರುತ್ತಿತ್ತು. ದತ್ತು, ಸಾಕು ಅನ್ನಲು ಗೆಡ್‌ಕಾಮ್‌ನಲ್ಲಿ ಗುರುತು ಇದೆ, ಇದಕ್ಕೆ ಇಲ್ಲ. ಟಿಪ್ಪಣಿಗೆ ಹಾಕಬೇಕು. ಸಾಗಿಸುವಾಗ ನನ್ನ ಕೈಬಿಟ್ಟದ್ದೂ ಟಿಪ್ಪಣಿಗಳೇ.

ಒಂದೊಂದು ಆ್ಯಪ್ ತನ್ನದೇ ಹೊಸ ಗುರುತುಗಳನ್ನೂ ಸೇರಿಸುತ್ತದೆ, ಅಡಿಗೆರೆಯಿಂದ ಶುರುವಾಗುವಂಥವು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಬೇರೆ ಆ್ಯಪ್ ಅದನ್ನು ಓದಲೇಬೇಕು ಅಂತ ನಿಯಮ ಇಲ್ಲ. ನೀವು ತಾಸುಗಟ್ಟಲೆ ಕೂತು ತುಂಬಿದ್ದು ಆ ಸಾಲಿನಲ್ಲಿದ್ದರೆ ಗೇಟಿನಲ್ಲೇ ಉಳಿಯುತ್ತದೆ.

ಈ ಹೊತ್ತಿಗೆ ಹಿರಿಯರು ಹೆಳವರ ಮಾತು ಎತ್ತುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಹೊತ್ತಿಗೆ ಬಿಚ್ಚಿ ಮನೆತನದ ಹೆಸರುಗಳನ್ನು ಓದುತ್ತಿದ್ದ ಹೆಳವರು. ಯಾವ ಮನೆತನ ಯಾವ ಹೆಳವರ ಪಾಲಿಗೆ ಅನ್ನುವುದೂ ವಂಶಪಾರಂಪರ್ಯ. ಅವರ ಮುಂದೆ ಈ ಆ್ಯಪ್ ಯಾವ ಲೆಕ್ಕ ಅಂತಾರೆ. ನನಗೂ ಹೆಳವರ ಬಗ್ಗೆ ಗೌರವ ಇದೆ. ಆದರೆ ಆ ಹೊತ್ತಿಗೆಯೂ ಒಂದು ಥರ ಬೀಗ ಹಾಕಿದ ಆ್ಯಪ್ಪೇ. ಓದಲು ಅವರೇ ಬೇಕು, ಪ್ರತಿ ಸಿಗುವುದಿಲ್ಲ, ಚಂದಾ ಕಾಳಿನ ರೂಪದಲ್ಲಿ. ಜೊತೆಗೆ ಅದರಲ್ಲಿ ಮುಖ್ಯವಾಗಿ ಗಂಡಸರ ಸಾಲು. ಹೆಣ್ಣುಮಕ್ಕಳು ಮದುವೆಯಾಗಿ ಹೋದರೆ ಪುಟದಿಂದಲೂ ಹೋದರು. ಗೆಡ್‌ಕಾಮ್‌ನಲ್ಲಿ ಹೆಂಡತಿಗೆ ಗಂಡನಷ್ಟೇ ಜಾಗ, ಮಗಳಿಗೆ ಮಗನಷ್ಟೇ. ನಮ್ಮ ಮುತ್ತಜ್ಜಿಯ ತವರು ಹೆಸರು, ಗಂಡನ ಮನೆಯಲ್ಲಿ ಇಟ್ಟ ಹೆಸರು ಎರಡನ್ನೂ ನಾನು ಮೊದಲ ಸಲ ಬರೆದದ್ದು ಆ್ಯಪ್‌ನಲ್ಲೇ.

ಇದು ಬರೀ ಭಾವನೆಯ ಮಾತಲ್ಲ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು ಅಂತ ನಾಡಕಚೇರಿಗೆ ವಂಶವೃಕ್ಷ ಕೊಡುವಾಗ ಅಕ್ಕತಂಗಿಯರನ್ನು ಬಿಟ್ಟು ಬರೆದುಕೊಟ್ಟು, ಆಮೇಲೆ ಕೋರ್ಟು ಅಲೆದ ಮನೆಗಳು ನಮ್ಮ ಕಡೆ ಕಡಿಮೆ ಇಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆ್ಯಪ್‌ನ ಪ್ರಿಂಟ್ ಅಲ್ಲಿ ದಾಖಲೆ ಆಗುವುದಿಲ್ಲ. ಅಫಿಡವಿಟ್, ಮರಣ ಪ್ರಮಾಣಪತ್ರ, ಗ್ರಾಮ ಆಡಳಿತಾಧಿಕಾರಿಯ ವರದಿ ಎಲ್ಲ ಬೇಕೇ ಬೇಕು. ಆದರೆ ಯಾರನ್ನೂ ಮರೆಯದೆ ಅಫಿಡವಿಟ್ ಬರೆಸಲು ಆ ಪ್ರಿಂಟ್ ನಮಗೆ ಬಹಳ ಉಪಯೋಗಕ್ಕೆ ಬಂತು.

ಹಾಗಾದರೆ ನಮ್ಮ ಮಾಹಿತಿ ನಮಗೆ ಪೂರ್ತಿ ವಾಪಸ್ ಕೊಡಿ ಅಂತ ಕಂಪನಿಗೆ ಕಾನೂನಿನ ಪ್ರಕಾರ ಹೇಳಬಹುದಾ? ಯುರೋಪಿನಲ್ಲಿ ಹೇಳಬಹುದು. ಅಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನಿನ 20ನೇ ವಿಧಿ ತನ್ನ ಮಾಹಿತಿಯನ್ನು ಯಂತ್ರ ಓದುವ ರೂಪದಲ್ಲಿ ಪಡೆದು ಬೇರೆ ಕಡೆ ಒಯ್ಯುವ ಹಕ್ಕು ಕೊಡುತ್ತದೆ. ನಮ್ಮಲ್ಲಿ 2019ರ ದತ್ತಾಂಶ ರಕ್ಷಣಾ ಮಸೂದೆಯಲ್ಲಿ ಈ ಹಕ್ಕು ಇತ್ತು. 2023ರಲ್ಲಿ ಪಾಸಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಅದು ಇಲ್ಲ. ನಮ್ಮ ಮಾಹಿತಿಯ ಸಾರಾಂಶ ಕೇಳುವ, ತಿದ್ದಿಸುವ, ಅಳಿಸಿಸುವ ಹಕ್ಕು ಅದರಲ್ಲಿದೆ. ಗಂಟು ಕಟ್ಟಿಕೊಂಡು ಹೋಗುವ ಹಕ್ಕು ಮಾತ್ರ ಬಿಟ್ಟುಹೋಗಿದೆ. ವಂಶಾವಳಿಯಂಥ ವಿಷಯಕ್ಕೆ ಬೇಕಾದದ್ದೇ ಅದು. ಇದು ಯಾರ ಕಣ್ಣಿಗೂ ಬೀಳದ ದೊಡ್ಡ ಕೊರತೆ ಅಂತ ನನ್ನ ಅನಿಸಿಕೆ.

ವಂಶಾವಳಿಯ ಮಾಹಿತಿಗೆ ಒಬ್ಬ ಮಾಲೀಕ ಇಲ್ಲ ಅನ್ನುವುದೂ ನಿಜ. ನಾನು ಹಾಕಿದ 214 ಜನರಲ್ಲಿ ಬದುಕಿರುವ ನೂರಕ್ಕೂ ಹೆಚ್ಚು ಜನರನ್ನು ನಾನು ಕೇಳಿಲ್ಲ. ಡಿಎನ್‌ಎ ಪರೀಕ್ಷೆ ಮಾಡುವ ಅಮೆರಿಕದ ‘23ಆ್ಯಂಡ್‌ಮಿ’ ಕಂಪನಿಯಲ್ಲಿ 2023ರಲ್ಲಿ ಆದದ್ದನ್ನೇ ನೋಡಿ. ಬೇರೆ ಕಡೆ ಸೋರಿದ ಪಾಸ್‌ವರ್ಡ್‌ಗಳನ್ನೇ ಇಲ್ಲೂ ಬಳಸಿ ಕಳ್ಳರು ನುಗ್ಗಿದ್ದು ಸುಮಾರು 14 ಸಾವಿರ ಖಾತೆಗಳಿಗೆ. ಸಂಬಂಧಿಕರನ್ನು ತೋರಿಸುವ ಸೌಲಭ್ಯದ ಮೂಲಕ ಅವರ ಕೈಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ಮಾಹಿತಿ. ದೂರದ ಅಣ್ಣತಮ್ಮನೊಬ್ಬ ಬಾಗಿಲು ತೆರೆದಿಟ್ಟರೆ ಇಡೀ ಓಣಿಯ ಮನೆ ತೆರೆದ ಹಾಗೆ. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಆ ಮಾಹಿತಿಯೂ ಮಾರಾಟದ ಆಸ್ತಿಯಾಯಿತು.

ನಮ್ಮಲ್ಲಿ ಡಿಎನ್‌ಎ ತನಕ ಹೋಗಬೇಕಿಲ್ಲ. ಗೆಡ್‌ಕಾಮ್‌ನಲ್ಲಿ ಜಾತಿಗೆ ಅಂತಲೇ ಒಂದು ಗುರುತು ಇದೆ. ನಾನು ಖಾಲಿ ಬಿಟ್ಟೆ. ಈ ಮೂರು ಜಿಲ್ಲೆಗಳಲ್ಲಿ ತಂದೆ ಹೆಸರಿನ ಕಾಲಂ ಖಾಲಿ ಇರುವ ಮನೆಗಳೂ ಇವೆ. ದೇವದಾಸಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದೆ, ಆದರೆ ಆ ತಾಯಂದಿರ ಮಕ್ಕಳು, ಮೊಮ್ಮಕ್ಕಳು ಇವತ್ತು ಶಾಲೆ, ಕಚೇರಿಗಳಲ್ಲಿದ್ದಾರೆ. ಯಾರೋ ಉತ್ಸಾಹಿ ನೆಂಟ ಸಾರ್ವಜನಿಕ ಮರದಲ್ಲಿ ಅವರ ಕೊಂಬೆಯನ್ನು ‘ಪೂರ್ತಿ’ ಮಾಡಲು ಹೊರಟರೆ ಅದು ಸೇವೆ ಅಲ್ಲ. ಬದುಕಿರುವವರನ್ನು ಎಷ್ಟೋ ಸೇವೆಗಳು ತಾವಾಗಿ ಮರೆಮಾಡುತ್ತವೆ. ಡೌನ್‌ಲೋಡ್ ಮಾಡಿದ ಫೈಲಿನಲ್ಲಿ ಮಾತ್ರ ಸಾಮಾನ್ಯವಾಗಿ ಎಲ್ಲರೂ ಇರುತ್ತಾರೆ. ಅದನ್ನು ಸುಮ್ನೆ ವಾಟ್ಸ್‌ಆ್ಯಪ್ ಗುಂಪಿಗೆ ಎಸೆಯಬೇಡಿ.

ಈಗ ನಾನು ಮೂಲ ಪ್ರತಿಯನ್ನು ನನ್ನ ಕಂಪ್ಯೂಟರಿನಲ್ಲೇ ಇಟ್ಟಿದ್ದೇನೆ, ಗ್ರಾಂಪ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ. ಆನ್‌ಲೈನ್ ಸೇವೆ ನೆಂಟರನ್ನು ಹುಡುಕಲು ಮಾತ್ರ. ಫೋಟೋಗಳು ಬೇರೆ ಫೋಲ್ಡರಿನಲ್ಲಿ, ಒಂದೊಂದಕ್ಕೂ ಆ ವ್ಯಕ್ತಿಯ ಸಂಖ್ಯೆಯೇ ಹೆಸರು. ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಯಾವುದೇ ಹೊಸ ಆ್ಯಪ್‌ಗೆ ಹೋಗುವ ಮೊದಲು ಐದೇ ಜನರನ್ನು ಕಳಿಸಿ ನೋಡುತ್ತೇನೆ, ಅದೂ ಐದು ಜನ ಕಷ್ಟದವರನ್ನು: ರಜಾಕಾರರ ಗದ್ದಲದ ಅಜ್ಜಿ, ಅಕ್ಕನ ಮಗಳನ್ನು ಮದುವೆಯಾದ ಅಜ್ಜ, ಮನೆಯಳಿಯ ಆಗಿ ಬಂದ ಮಾಮಾ, ಜೂನ್ 1ರ ಇಬ್ಬರು ಬಸಪ್ಪ. ಈ ಐವರು ಆ ಕಡೆ ಸುರಕ್ಷಿತ ಇಳಿದರೆ ಉಳಿದವರೂ ಇಳಿಯುತ್ತಾರೆ.

ಅವತ್ತು ಕಾಕಾನ ಮನೆಯಲ್ಲಿ ಪ್ರಶ್ನೆ ಚಿಹ್ನೆಗಳು ಸಂಜೆಯೊಳಗೆ ಹೋದವು. ಹಳೇ ಆ್ಯಪ್‌ನ ಡೌನ್‌ಲೋಡ್ ಪುಟದ ಮೂಲೆಯಲ್ಲಿ ಅಕ್ಷರಪಟ್ಟಿ ಆರಿಸುವ ಸಣ್ಣ ಪೆಟ್ಟಿಗೆ ಇತ್ತು, ಅದನ್ನು ಯುಟಿಎಫ್–8 ಮಾಡಿ ಮತ್ತೆ ಇಳಿಸಿದೆ. ಫೋಟೋಗಳನ್ನು ಒಂದೊಂದಾಗಿ ಇಳಿಸಿಕೊಂಡೆ. ಅಜ್ಜಿಯ ಆಡಿಯೋಗೆ ಮಾತ್ರ ಡೌನ್‌ಲೋಡ್ ಗುಂಡಿಯೇ ಇರಲಿಲ್ಲ, ಕೇಳಲು ಮಾತ್ರ ಬರುತ್ತಿತ್ತು. ಕೊನೆಗೆ ಕಾಕಾನ ಫೋನನ್ನು ಲ್ಯಾಪ್‌ಟಾಪ್ ಸ್ಪೀಕರಿಗೆ ಹಿಡಿದು ರೆಕಾರ್ಡ್ ಮಾಡಿಕೊಂಡೆವು. ನಾಲ್ಕು ನಿಮಿಷ. ನಡುವೆ ಓಣಿಯಲ್ಲಿ ಹಾದುಹೋದ ಉಳ್ಳಾಗಡ್ಡಿ ಗಾಡಿಯವನ ಕೂಗೂ ಅದರಲ್ಲಿ ಸೇರಿಕೊಂಡಿದೆ.